ಅಣ್ಣ ಈ ವರ್ಷ ನಂದಿಕೋಲ ಹೊರಬೇಕೋ ಬ್ಯಾಡೋ

ಕಿಣ್ಣಿ ಸುಲ್ತಾನ, ತಾ. ಆಳಂದ
ಶನಿವಾರ, ೧೬ ಆಗಸ್ಟ್ ೨೦೨೫, ಮುಂಜಾನಿ

ಪ್ರೀತಿಯ ಸುಮಿತ್ರಾ ವೈನಿಗೆ ನಿಮ್ಮ ಮೈದುನ ಶಿವಪ್ರಕಾಶನ ಶರಣು ಶರಣಾರ್ಥಿ.

ಮೊದಲ ನಿಮ್ಮ ತಬ್ಯತ್ ಹೆಂಗದ ಹೇಳ್ರಿ. ಮೊಣಕಾಲು ಹಿಡೀತದ ಅಂತಿದ್ರಿ, ಸೋಲಾಪುರದಾಗ ಆ ಮಾಳಿಗಿ ಮನಿ ಹತ್ತಿ ಇಳದು ಇನ್ನೂ ಜಾಸ್ತಿ ಆಗಿಲ್ಲ ಹೌದಿಲ್ಲೋ? ಸಪ್ನಾ ಹೆಂಗದಾಳ, ಕೂಸು ಹೆಂಗದ? ಎರಡು ತಿಂಗಳು ದಾಟಿತಲ್ಲ, ಈಗ ಕರದ ಕಡೆ ಹೊಳ್ಳಿ ನೋಡ್ತಿರಬೇಕು. ಬೀಗತಿ ಬಂದಾರಂತ ಕೇಳಿದೆ, ಛಲೋ ಆತು, ನಿಮಗೂ ಜರಾ ಕೈ ಹಗರ ಆಗ್ತದ. ಸಪ್ನಾ, ಮಗಾ, ಈ ವಾಯ್ಸ್ ನೋಟ್ ಅವ್ವಗ ಪೂರ್ತಿ ಕೇಳಸು. ಹ್ವಾದ ಸಲ ಕಾಕಾ ಬಾಳ ಮಾತಾಡ್ತಾನಂತ ಎರಡರ ಸ್ಪೀಡಿನ್ಯಾಗ ಓಡ್ಸಿದ್ದೆಂತ, ನಾನು ಕಿವಿ ಹಿಂಡಿಸ್ಕೊಂಡ ಮಂಗ್ಯಾನಂಗ ಕೇಳಿಸಿದೆನಂತ. ಈ ಸಲ ಹಂಗ ಮಾಡಬ್ಯಾಡ. ವೈನಿ, ಮೊದಲ ನಾನು ಊರಿಂದ ಊರಿಗೆ ಇನ್‌ಲ್ಯಾಂಡ್ ಪತ್ರ ಬರೀತಿದ್ದೆ, ನಿಮಗ ಗೊತ್ತದ. ಅದೇ ರೂಢಿ. ಮ್ಯಾಲ ಊರು, ತಾರೀಖು ಹೇಳದಿದ್ರ ನನಗ ಮುಂದ ಮಾತೇ ಬರೂದಿಲ್ಲ.

ಮನಿ ಕಡೆ ಎಲ್ಲಾ ಆರಾಮ. ಹೆಸರು ಬಿಡಿಸೋದು ಅರ್ಧ ಆಗ್ಯದ, ಇನ್ನರ್ಧಕ್ಕ ಮಳಿ ಬಿಡವಲ್ದು. ಎರಿ ನೆಲ ಕಾಲಿಗೆ ಅಂಟಿ ಒಂದೊಂದು ಕಾಲು ಒಂದೊಂದು ಸೇರು ಜಾಸ್ತಿ ತೂಗ್ತದ. ತೊಗರಿ ಛಲೋ ಎದ್ದದ. ಎಮ್ಮಿ ನಿಮ್ಮನ್ನ ನೆನೆಸಿ ಎರಡು ದಿನ ಹಾಲು ಕಡಿಮಿ ಕೊಟ್ಟಿತ್ತು, ಈಗ ಅಣ್ಣನ ಕೈಗೆ ಹೊಂದ್ಕೊಂಡದ. ಅಣ್ಣ ಮಧ್ಯಾಹ್ನ ನಮ್ಮ ಅಣ್ಣತಮ್ಮಂದಿರ ಪೈಕಿ ಹುಡುಗ ಧರ್ಮರಾಜನ ಮನ್ಯಾಗ ಉಣ್ತಾನ, ರಾತ್ರಿ ತಾನೇ ಅನ್ನ ಇಟ್ಕೋತಾನ. ನಾನು ಶನಿವಾರ ಸಾಲಿ ಬಿಟ್ಟ ಮ್ಯಾಲ ಇಜೇರಿಯಿಂದ ಗಾಡಿ ಹಚ್ಚಿ ಬರ್ತೇನಿ. ಈ ಸಲ ನಿನ್ನೆ ಝಂಡಾ ಏರಿಸಿ, ಹುಡುಗೂರ ಕವಾಯತು ಮುಗಿಸಿ, ಪೇಢೆ ಹಂಚಿ ಸೀದಾ ಇಲ್ಲಿಗೆ ಬಂದೇನಿ. ನಮ್ಮಾಕಿ ಬಸವೇಶ್ವರಿ ಶೇಂಗಾ ಹಿಂಡಿ ಕೊಟ್ಟು ಕಳಿಸ್ಯಾಳ. ‘ವೈನಿ ಇಲ್ಲಂತ ನಿಮ್ಮಣ್ಣ ಬರೇ ಅನ್ನ, ಮಜ್ಜಿಗಿ ಮ್ಯಾಲ ದಿನಾ ತಗೀತಿರ್ತಾರ, ಇದರೆ ನಾಲಿಗಿಗೆ ಹತ್ಲಿ’ ಅಂದ್ಳು.

ಈಗ ಮುಖ್ಯ ಮಾತಿಗೆ ಬರ್ತೇನಿ. ನೀವು ಸೋಲಾಪುರದ ಬಸ್ ಹತ್ತುವಾಗ ಆಳಂದ ಸ್ಟ್ಯಾಂಡಿನ್ಯಾಗ ನನ್ನ ಕೈ ಹಿಡದು ಏನು ಹೇಳಿದ್ರಿ ನೆನಪದಿಲ್ಲೋ? ‘ಶಿವಪ್ಪಾ, ನಿಮ್ಮಣ್ಣ ಈ ಶ್ರಾವಣದಾಗ ನಂದಿಕೋಲ ಹೊರ್ತೇನಂತಾರ. ನಾ ಬ್ಯಾಡಂದೇನಿ. ನೀ ಪೀಟಿ ಮಾಸ್ತರ, ಬರೋಬರ್ ಪರೀಕ್ಷಾ ಮಾಡು. ಮೈ ತಡೀತದ ಅಂದ್ರ ಆಮ್ಯಾಗ ನೋಡೂಣು. ಬಾಯಿ ಮಾತು ಮಾತ್ರ ನಾ ನಂಬೂದಿಲ್ಲ.’ ಅಂದ್ರಿ. ನಾ ಹ್ಞೂಂ ಅಂದೆ. ಹ್ಞೂಂ ಅಂದ ಮ್ಯಾಲ ಹೆದರಿಕಿ ಸುರು ಆತು. ನಂದಿಕೋಲ ಅಂದ್ರ ಆಟದ ಸಾಮಾನೇನು? ಮನಿ ಮಾಳಿಗಿಗಿಂತ ಎತ್ತರ, ಮೈ ತುಂಬ ಹಿತ್ತಾಳಿ ತಗಡು, ಗಂಟಿ, ತುದಿಗೆ ಬಸವಣ್ಣ. ನಡಕ್ಕ ಪಟ್ಟಿ ಬಿಗದು, ಆ ಪಟ್ಟೀ ಚೀಲದಾಗ ಕೋಲಿನ ಬುಡ ಇಟ್ಟು, ಎರಡು ಕೈಲೆ ನೆಟ್ಟಗ ಹಿಡದು ಮಠದಿಂದ ಬಸವಣ್ಣನ ಗುಡಿ ತನಕ ಒಬ್ಬಾಂವನೇ ನಡೀಬೇಕು. ವಾಲಿತು ಅಂದ್ರ ಹೊತ್ತಾಂವನ ನಡ ಮುರೀತದ, ಮುಂದ ಹಾಡ್ಕೋತ ನಡದ ಮಂದಿ ಮ್ಯಾಲ ಬೀಳ್ತದ. ಅಣ್ಣಗ ಐವತ್ತೆಂಟು. ಹ್ವಾದ ವರ್ಷ ಸಕ್ಕರಿ ಬ್ಯಾನಿ ಬ್ಯಾರೆ ಹೊರಬಿತ್ತು. ಹಂಗಾಗಿ ನಿಮ್ಮ ಮಾತು ಖರೇನೇ.

ಹೋದ ರವಿವಾರ ಮುಂಜಾನಿ ಪರೀಕ್ಷಾ ಇಟ್ಟೆ. ಸಾಲಿಯಿಂದ ಟೇಪು, ಕಟಗಿ ಸ್ಕೇಲು, ಒಂದು ಚೆಂಡು, ಸೀಟಿ ಎಲ್ಲಾ ತಂದಿದ್ದೆ. ಸೀಟಿ ನೋಡಿದ ಕೂಡ್ಲೇ ಅಣ್ಣ ಅಂದ: ‘ಲೇ ಮಾಸ್ತರ, ಅದನ್ನ ಊದಿದೆಂದ್ರ ನಿನ್ನ ಬಾಯಾಗೇ ತುರುಕ್ತೇನಿ. ನಾ ಏನು ನಿನ್ನ ಎಂಟನೇತ್ತೆ ಹುಡುಗನೇನು?’ ಸೀಟಿ ಕಿಸೇದಾಗ ಹಾಕ್ಕೊಂಡೆ. ವೈನಿ, ನಾನು ಸಾಲ್ಯಾಗ ಹುಡುಗೂರಿಗೆ ಹೇಳ್ತಿರ್ತೇನಿ, ಗಟ್ಟಿ ಅದಾನ ಅನ್ನೋದು ಒಂದು ಮಾತಲ್ಲ, ಹತ್ತು ಮಾತು. ಚೀಲ ಎತ್ತಾಂವಗ ಓಡಾಕ ಬರೂದಿಲ್ಲ, ಓಡಾಂವಗ ಬಗ್ಗಿ ಕಾಲು ಮುಟ್ಟಾಕ ಬರೂದಿಲ್ಲ. ಉಸುರಿನ ದಮ್ಮು ಬ್ಯಾರೆ, ರಟ್ಟಿ ತಾಕತ್ತು ಬ್ಯಾರೆ, ಆ ತಾಕತ್ತು ಹೊತ್ತು ಹೋಗೂತನಾ ಉಳಿಯೋದು ಬ್ಯಾರೆ. ಮೈ ಬಾಗೋದು, ವಾಲದಂಗ ತೋಲ ಹಿಡಿಯೋದು, ಕಣ್ಣು ಕಂಡದ್ದಕ್ಕ ಕೈ ಜಲ್ದಿ ಓಗೊಡೋದು, ಇವೆಲ್ಲಾ ಬ್ಯಾರೆ ಬ್ಯಾರೆ. ಒಂದೊಂದನ್ನೂ ಬ್ಯಾರೇನೇ ತೂಗಿ ನೋಡಬೇಕು.

ಮೊದಲ ದಮ್ಮು ನೋಡಿದೆ. ಬೇವಿನಗಿಡದ ಕಟ್ಟಿ ಮೆಟ್ಟಲಾ ಹತ್ತಿ ಇಳಿ, ಹತ್ತಿ ಇಳಿ ಅಂತ ಮೂರು ಮಿನಿಟು ಮಾಡಿಸಿ ನಾಡಿ ಹಿಡದೆ. ಏರಿದ್ದು ಖರೇ, ಆದ್ರ ಸ್ವಲ್ಪ ಕೂತ ಮ್ಯಾಲ ಮೊದಲಿನಂಗ ಇಳೀತು. ಇಳಿಯೋದೇ ಮುಖ್ಯ. ಆಮ್ಯಾಗ ಹೊಲದ ತನಕ ಬಿರಬಿರ ನಡದ್ವಿ. ನಡ್ಕೋತ ಮಾತಾಡಾಕ ಬಂದ್ರ ದಮ್ಮು ಅದ ಅಂತ ತಿಳಿಯೋದು. ಅಣ್ಣ ಧರ್ಮರಾಜನ ಬದುವಿನ ಜಗಳ ಮೊದಲಿಂದ ಕೊನಿತನ ಹೇಳಿ ಮುಗಿಸಿದ, ನಡುವ ‘ಹ್ಞೂಂ’ ಅನ್ನಾಕ ನನಗೇ ಉಸುರು ಸಾಲಲಿಲ್ಲ. ಅಂವ ನಿಂತು ನನ್ನ ಹೊಟ್ಟಿ ನೋಡಿ, ‘ಸರಕಾರ ನಿನಗ ಪಗಾರ ಯಾತಕ್ಕ ಕೊಡ್ತದಲೇ?’ ಅಂದ. ಕುರ್ಚಿ ಮ್ಯಾಲ ಕೈಕಟ್ಟಿ ಕೂತು, ಅರ್ಧ ಮಿನಿಟಿನ್ಯಾಗ ಎಷ್ಟು ಸಲ ಎದ್ದು ಕೂಡ್ತಿ ಅಂತ ನೋಡೋ ಪರೀಕ್ಷಾ ಒಂದದ, ತೊಡಿ ತಾಕತ್ತಿಂದು. ‘ಲಗ್ನದಾಗ ಹಿರ್ಯಾರು ಬಂದಂಗೆಲ್ಲ ಇದೇ ಮಾಡ್ತೇವಲ್ಲೋ’ ಅಂತ ನಕ್ಕೋತ ಮಾಡಿದ, ತನ್ನ ವಯಸ್ಸಿನವರಿಗಿಂತ ಛಲೋನೇ ಮಾಡಿದ. ಬೇವಿನ ಟೊಂಗಿಗೆ ಜೋತುಬಿದ್ದಾಗ ಟೊಂಗಿ ಕರಕರ ಅಂತು, ಅಂವನ ಬೆರಳು ಬಿಡಲಿಲ್ಲ.

ಒಂದರಾಗ ಫೇಲಾದ, ಅದನ್ನ ಮುಚ್ಚಿಡೂದಿಲ್ಲ. ಅಣ್ಣನ ಎತ್ತರದಷ್ಟು ಒಂದು ಹುರಿ ಕತ್ತರಿಸಿ, ಎರಡು ಮಡಚಿ ನಡಕ್ಕ ಸುತ್ತಿದೆ. ತುದಿ ತುದಿ ಕೂಡಬೇಕು. ನಾಕು ಬಟ್ಟು ಕಡಿಮಿ ಬಿತ್ತು. ಉಸುರು ಒಳಗ ಎಳಕೊಂಡು ಮಾರಿ ಕೆಂಪ ಮಾಡ್ಕೊಂಡ ನಿಂತ, ಆದ್ರೂ ಎರಡು ಬಟ್ಟು. ‘ಇದು ನನ್ನ ಹೊಟ್ಟಿ ಅಲ್ಲ, ನಿಮ್ಮ ವೈನಿ ಹೋಳಿಗಿ’ ಅಂದ. ಕಾಲು ಚಾಚಿ ಕೂತು ಬೆರಳು ಮುಟ್ಟೋದೂ ಅದೇ ಹೊಟ್ಟಿ ಸಲುವಾಗಿ ಅಷ್ಟಕ್ಕಷ್ಟೇ. ಒಂದು ಕಾಲ ಮ್ಯಾಲ ನಿಂತಾಗ ಕೊಕ್ಕರಿಯಂಗ ನಿಂತ. ಕಣ್ಣು ಮುಚ್ಚು ಅಂದೆ, ಜರಾ ಹೊತ್ತಿಗೆ ವಾಲಿದ, ಹಿಡಕೊಂಡೆ. ಆ ವಯಸ್ಸಿಗೆ ಅದು ರೂಢಿ, ನಾನೂ ವಾಲ್ತೇನಿ. ಸ್ಕೇಲು ಮ್ಯಾಲಿಂದ ಬಿಟ್ಟು ಎರಡು ಬೆರಳಿನ್ಯಾಗ ಹಿಡಿ ಅಂದೆ, ಕೈ ಎಷ್ಟು ಜಲ್ದಿ ಏಳ್ತದ ನೋಡಾಕ. ಪ್ರತಿ ಸಲ ಅರ್ಧಕ್ಕಿಂತ ಮೊದಲ ಹಿಡದ. ಚೆಂಡು ಗ್ವಾಡಿಗೆ ಒಗದು ಇನ್ನೊಂದು ಕೈಲೆ ಹಿಡಿ ಅಂದಾಗ ಮಾತ್ರ ಎರಡು ಸಲ ಗಟಾರಕ್ಕ ಬಿತ್ತು. ‘ನಂದಿಕೋಲ ಗ್ವಾಡಿಗೆ ಒಗದು ಹಿಡೀತಾರೇನಲೇ?’ ಅಂತ ಜಗಳ ತಗದ. ಆ ಮಾತು ನನಗ ಬರೋಬರ್ ಅನಿಸ್ತು. ಹೊಳ್ಳಿ ಹೊಳ್ಳಿ ಓಡೋ ಪರೀಕ್ಷಾ ಇಟ್ಟಿದ್ದೆ, ಅದನ್ನೂ ಬಿಟ್ಟೆ. ಕೋಲ ಹೊತ್ತಾಂವ ಓಡೂದಿಲ್ಲ. ಯಾವ ಕೆಲಸಕ್ಕ ಯಾವುದು ಬೇಕೋ ಅದನ್ನೇ ನೋಡಬೇಕು.

ಎಲ್ಲಾ ಮುಗದ ಮ್ಯಾಲ ಕಟ್ಟಿ ಮ್ಯಾಲ ಕೂತಾಗ ಕೇಳಿದೆ, ಅಣ್ಣಾ, ಹ್ವಾದ ವರ್ಷ ಧರ್ಮರಾಜ ಹೊತ್ತಾನಲ್ಲ, ಛಲೋನೇ ಹೊತ್ತ, ಅಂವಗ ಬಿಟ್ಟರ ಏನಾಗ್ತದ? ಅಣ್ಣ ಸಿಟ್ಟಿಗೇಳಲಿಲ್ಲ ವೈನಿ. ಸಾವಕಾಶ ಹೇಳಿದ: ‘ಅಂವಗೇ ಕೊಡಬೇಕಂತ ಹೊರ್ತೇನಿ. ನಮ್ಮಪ್ಪ ಓಣ್ಯಾಗ, ಮಂದಿ ಎದುರು, ತನ್ನ ನಡದಿಂದ ಪಟ್ಟಿ ಬಿಚ್ಚಿ ನನ್ನ ನಡಕ್ಕ ಕಟ್ಟಿದ. ಕೋಲ ನೆಲಕ್ಕ ಮುಟ್ಟದಂಗ ನನ್ನ ಕೈಗೆ ಬಂತು. ಹ್ವಾದ ವರ್ಷ ನಾ ಜ್ವರದಾಗ ಮಲಗಿದ್ದೆ, ಧರ್ಮರಾಜ ಬಂದು ಗ್ವಾಡಿ ಮ್ಯಾಲಿನ ಗೂಟದಿಂದ ಪಟ್ಟಿ ತಕ್ಕೊಂಡ ಹೋದ. ಸತ್ತವನ ಪಟ್ಟಿ ತಗದಂಗ ತಗದ. ಪಾಪ ಅಂವ ಏನು ಮಾಡ್ಯಾನು. ಈ ಸಲ ಅರ್ಧ ದಾರಿ ಹೊತ್ತು, ಚಾವಡಿ ಮುಂದ ಅಂವಗ ನಾನೇ ಕಟ್ಟತೇನಿ. ಅಷ್ಟೇ. ಆಮ್ಯಾಗ ಹೊರು ಅಂದ್ರೂ ಹೊರೂದಿಲ್ಲ.’ ಇದನ್ನ ನಿಮಗ ಯಾಕ ಹೇಳಿಲ್ಲಂದ್ರ, ‘ಅಕಿ ಮೊದಲೇ ಬ್ಯಾಡ ಅಂದ್ಲು, ಬ್ಯಾಡ ಅಂದವರ ಮುಂದ ಕಾರಣ ಏನು ಹೇಳೋದು’ ಅಂದ. ನಿಮ್ಮಿಬ್ಬರ ಮೂವತ್ತೈದು ವರ್ಷದ ಸಂಸಾರ ಹಿಂಗೇ ನಡದದ ಬಿಡ್ರಿ.

ಒಂದು ಮಿನಿಟು, ಡೇರಿಗೆ ಹಾಲು ಒಯ್ಯಾಂವ ಬಂದ... ಹ್ಞಾಂ. ಎಲ್ಲಿದ್ದೆ? ಆ ರವಿವಾರ ರಾತ್ರಿ ನಿಮಗ ಫೋನ್ ಮಾಡಿ ಅಣ್ಣ ಪಾಸು ಅಂತ ಹೇಳಬೇಕಂತ ಮೊಬೈಲ್ ಕೈಯಾಗ ಹಿಡದಿದ್ದೆ. ಯಾಕೋ, ಒಮ್ಮಿ ಬರೇ ಕೋಲ ಹಿಡಿಸಿ ನೋಡೂಣು ಅನಿಸ್ತು. ಮರುದಿನ ಸೋಮವಾರ, ರಜಾ ಹಾಕಿದೆ. ಸಂಜೀಕ ಮಠದ ಅಂಗಳದಾಗ, ಗಂಟಿ ತಗಡು ಏನೂ ಕಟ್ಟದ ಕೋಲು. ಧರ್ಮರಾಜ ಒಂದು ಕಡೆ, ನಾನೊಂದು ಕಡೆ. ಅಣ್ಣ ಪಟ್ಟಿ ಕಟ್ಗೊಂಡು ಎತ್ತಿದ. ಏನು ಚಂದ ಎತ್ತಿದ ವೈನಿ! ನಾಕು ಹೆಜ್ಜಿ ನಡದ, ಹೊಳ್ಳಿದ. ಹೊಳ್ಳುವಾಗ ಕುತಿಗಿ ಮ್ಯಾಲ ಬೆವರು ನೋಡಿದೆ. ಮಳಿ ಗಾಳಿ ಬೀಸಾಕತ್ತದ, ಬೆವರ್ಯಾಕ? ಕೈ ಗದಗದ ನಡುಗಿದ್ವು. ಧರ್ಮರಾಜ ‘ಕಾಕಾ, ಬಿಡ್ರಿ’ ಅಂದ್ರ ಅಣ್ಣ ಅಂವನ ಮಾರಿ ನೋಡ್ತಾನ, ಮಾತು ತಿಳೀವಲ್ದು. ಇಬ್ಬರೂ ಕೂಡಿ ಕೋಲ ಹಿಡದು ಇಳಿಸಿದ್ವಿ. ಅಣ್ಣನ್ನ ಕಟ್ಟಿ ಮ್ಯಾಲ ಕುಂದರಿಸಿದ್ವಿ. ಸಕ್ಕರಿ ನೀರು ತಂದೆ, ಹಲ್ಲು ಕಚ್ಚಿ ಕೂತ, ‘ಉಪಾಸ, ಉಪಾಸ’ ಅಂತಾನ. ಮಠದ ಅಯ್ಯನವರು ಒಳಗಿಂದ ಬಂದ್ರು, ಬಟ್ಟಲದಾಗ ಬೆಲ್ಲದ ನೀರು ಹಿಡದು ‘ಹಣಮಂತರಾಯ, ಇದು ಪ್ರಸಾದ’ ಅಂದ್ರು. ಗಟಗಟ ಕುಡದ. ಜರಾ ಹೊತ್ತಿಗೆ ಕಣ್ಣು ಮೊದಲಿನಂಗ ಆದ್ವು. ಗಾಬ್ರಿ ಆಗಬ್ಯಾಡ್ರಿ, ಅಂದೇ ರಾತ್ರಿ ಎರಡು ರೊಟ್ಟಿ ಉಂಡು ನನ್ನ ಮ್ಯಾಲ ಒದರ್‍ಯಾಡಿ ಮಲಗ್ಯಾನ.

ಮರುದಿನ ಆಳಂದಕ್ಕ ಡಾಕ್ಟರ್ ಮಿನಾಜ ಬಾಯಿ ಕಡೆ ಕರಕೊಂಡ ಹೋದೆ. ಇಸಿಜಿ ತಗದ್ರು, ಬಿಪಿ ನೋಡಿದ್ರು, ಎಲ್ಲಾ ಛಲೋ ಅದ. ಆಮ್ಯಾಗ ಕೇಳಿದ್ರು, ಸೋಮವಾರ ಏನು ತಿಂದಿದ್ರಿ? ಏನೂ ಇಲ್ಲ. ಗುಳಿಗಿ? ‘ಗುಳಿಗಿ ತಪ್ಪಿಸಿಲ್ರಿ ಬಾಯಿ, ಗುಳಿಗಿ ಊಟ ಅಲ್ಲಲ್ಲ, ಅದರಿಂದ ಉಪಾಸ ಕೆಡೂದಿಲ್ಲ’ ಅಂದ ಅಣ್ಣ, ಶಾಣ್ಯಾನಂಗ. ಡಾಕ್ಟರ್ ಬಾಯಿ ಪೆನ್ನು ಕೆಳಗ ಇಟ್ಟರು. ಸಕ್ಕರಿ ಇಳಸೋ ಗುಳಿಗಿ ನೀವು ಉಂಡ್ರೂ ಇಳಸ್ತದ, ಉಣದಿದ್ರೂ ಇಳಸ್ತದ, ಹೊಟ್ಟ್ಯಾಗ ಏನೂ ಇಲ್ಲಂದ್ರ ಎಲ್ಲಿತನ ಇಳಿಬೇಕದು ಅಂದ್ರು. ಈ ಶ್ರಾವಣದಾಗ ಇಲ್ಲಿತನ ಬಂದ ಮೂರೂ ಸೋಮವಾರ ಹಂಗೇ ಮಾಡ್ಯಾನ ವೈನಿ. ನೀವು ದಿನಾ ಮುಂಜಾನಿ ಫೋನ್ ಮಾಡಿ ಗುಳಿಗಿ ತಗೊಂಡ್ರ್ಯಾ ಅಂತ ಕೇಳ್ತೀರಿ, ಅಂವ ಹೌದಂತಾನ. ಸೋಮವಾರ ಉಂಡ್ರ್ಯಾ ಅಂತ ನೀವು ಕೇಳೂದಿಲ್ಲ, ಯಾಕಂದ್ರ ಉಪಾಸ ಅಂತ ನಿಮಗ ಗೊತ್ತು. ನಾನೂ ಹಂಗೇ. ರವಿವಾರ ಉಪ್ಪಿಟ್ಟು ತಿನಿಸಿ ಪರೀಕ್ಷಾ ಮಾಡಿದೆ, ಕೋಲ ಹೊರೋದು ಖಾಲಿ ಹೊಟ್ಟೀಲೆ ಅನ್ನೋದು ನನ್ನ ತಲಿಗೇ ಬರಲಿಲ್ಲ. ನಮ್ಮ ಮನ್ಯಾಗ ಯಾರ ತಲಿಗೆ ಬರ್ತಿತ್ತು ಹೇಳ್ರಿ? ಶ್ರಾವಣ ಸೋಮವಾರ ಉಪಾಸ ಅನ್ನೋದು ಮುಂಜಾನಿ ಹೊತ್ತು ಮೂಡೋದು ಇದ್ದಂಗ, ಅದನ್ನ ಯಾರೂ ಎಣಿಕ್ಯಾಗ ಹಿಡಿಯೂದಿಲ್ಲ.

ಡಾಕ್ಟರ್ ಬಾಯಿ ಹೇಳಿದ್ದು ಇಷ್ಟು. ಮುಂಜಾನಿ ಉಂಡು ಗುಳಿಗಿ ತಗೋಬೇಕು, ಮಧ್ಯಾಹ್ನ ಮತ್ತ ಏನರೆ ತಿನ್ನಬೇಕು, ಕಿಸೇದಾಗ ಬೆಲ್ಲ ಇರಬೇಕು, ಅರ್ಧ ದಾರಿಗಿಂತ ಮುಂದ ಹೊರಬಾರದು. ಹಂಗ ಮಾಡಿದ್ರ ಹೊರಬಹುದು. ‘ಉಪಾಸ ಇದ್ದು ಹೊತ್ರ ನಾನೇ ಕಿಣ್ಣಿಗೆ ಬಂದು ಕೋಲ ಕಸ್ಗೋತೀನಿ ಅಜ್ಜಾ’ ಅಂದ್ರು. ಅಜ್ಜಾ ಅಂದಿದ್ದಕ್ಕ ಅಣ್ಣಗ ಸಿಟ್ಟು ಬಂತು, ಉಳದದ್ದು ಕೇಳಿಸ್ತೋ ಇಲ್ಲೋ ಗೊತ್ತಿಲ್ಲ. ಹೊಳ್ಳಿ ಬರುವಾಗ ಮಠಕ್ಕ ಹೋದ್ವಿ. ಅಯ್ಯನವರು ಏನೂ ಯೋಚನಿ ಮಾಡಲಿಲ್ಲ. ಲಿಂಗಕ್ಕ ತೋರಿಸಿ ತಗೊಂಡದ್ದು ಪ್ರಸಾದ ಆಗ್ತದ, ಪ್ರಸಾದಕ್ಕ ಉಪಾಸದ ಲೆಕ್ಕ ಹಚ್ಚಬ್ಯಾಡ, ಬಸವಣ್ಣಗ ನಿನ್ನ ಖಾಲಿ ಹೊಟ್ಟಿ ಬೇಕಾಗಿಲ್ಲ, ನೆಟ್ಟಗ ನಿಂತ ಕೋಲ ಬೇಕು ಅಂದ್ರು. ಅಣ್ಣ ಪಾದಕ್ಕ ಹಣಿ ಹಚ್ಚಿ ಸುಮ್ಮನ ಎದ್ದು ಬಂದ.

ಹಂಗಾಗಿ ವೈನಿ, ಪರೀಕ್ಷಾದ ಫಲಿತಾಂಶ ಇದು. ದಮ್ಮು ಅದ, ತೊಡಿ ಗಟ್ಟಿ ಅವ, ಹಿಡಿತ ಅದ, ಕೈ ಜಲ್ದಿ ಅದ. ಹೊಟ್ಟಿ ಜಾಸ್ತಿ, ಬಾಗೋದು ಕಡಿಮಿ, ಅದಕ್ಕ ದಸರಾ ತನಕ ನಾನು ಬೆನ್ನು ಹತ್ತೇನಿ. ಅಣ್ಣನ ಮೈ ಅರ್ಧ ದಾರಿ ತಡೀತದ. ಉಪಾಸ ಮಾಡಿದ ಅಣ್ಣನ ಮೈ ಹತ್ತು ಹೆಜ್ಜಿ ತಡಿಯೂದಿಲ್ಲ. ನಾಡದು ಶ್ರಾವಣದ ಕಡೇ ಸೋಮವಾರ, ಕೋಲ ಹೊರೋ ದಿನ. ನಿಮ್ಮ ಬ್ಯಾಡ ಅನ್ನೋ ಮಾತು ಇನ್ನೂ ಹಂಗೇ ಅದ, ಅದನ್ನ ದಾಟಿ ಅಣ್ಣನೂ ಹೊರೂದಿಲ್ಲ, ನಾನೂ ಹೊರಸೂದಿಲ್ಲ. ನೀವು ಹೇಳಿದಂಗ.

ಸಪ್ನಾಗ, ಅಳಿಯಂದ್ರಿಗೆ ನನ್ನ ಆಶೀರ್ವಾದ ಹೇಳ್ರಿ. ಬೀಗತಿಗೆ ಶರಣು. ಕೂಸಿನ ಗಲ್ಲ ಹಿಂಡಬ್ಯಾಡ್ರಿ, ಬರೇ ಕಾಕಾಜ್ಜನ ಹೆಸರು ಹೇಳಿ ಒಂದು ಮುತ್ತು ಕೊಡ್ರಿ. ನಿಮ್ಮ ಮೊಣಕಾಲಿಗೆ ಎಳ್ಳೆಣ್ಣಿ ಬಿಸಿ ಮಾಡಿ ಹಚ್ಕೋರಿ, ಮೆಟ್ಟಲಾ ಇಳಿಯುವಾಗ ಕಟಾಂಜನ ಹಿಡ್ಕೋರಿ.

ಇಂತಿ ನಿಮ್ಮ ಮೈದುನ, ಬಾಳ ಮಾತಾಡಾಂವ,
ಶಿವಪ್ರಕಾಶ

ತಾ.ಕ.: ವೈನಿ, ಇನ್ನೊಂದು ವಾಯ್ಸ್ ನೋಟ್ ಮಾಡಾಕತ್ತೇನಿ, ಸಣ್ಣ ದನೀಲೆ. ಅಣ್ಣ ಹೊಲದಿಂದ ಬರಾಕತ್ತಾನ, ಓಣಿ ತುದಿಗೆ ಕಾಣ್ತಾನ. ಇದನ್ನ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾನ, ಅದಕ್ಕ ಪತ್ರದಾಗ ಹೇಳಲಿಲ್ಲ. ನಿನ್ನೆ ರಾತ್ರಿ ಕೇಳಿದೆ, ಅಯ್ಯನವರೇ ಹೇಳ್ಯಾರ, ಸೋಮವಾರ ಉಣ್ತೀಯೋ ಇಲ್ಲೋ ಅಂತ. ‘ಇಷ್ಟು ವರ್ಷ ಕೋಲ ಇಳಿಸಿದ ಮ್ಯಾಲ ಅಕಿ ಕಾಲಿಗೆ ನೀರು ಹಾಕಿ ತುತ್ತು ಕೊಟ್ಟಾಗೇ ನನ್ನ ಉಪಾಸ ಬಿಟ್ಟದ. ಮೊದಲೇ ತಿನ್ನಬೇಕಂದ್ರ ಅದೂ ಅಕೀನೇ ಕೊಡಬೇಕು. ನೀ ಕೊಟ್ರ, ಧರ್ಮರಾಜ ಕೊಟ್ರ, ನನಗ ಗಂಟಲದಾಗ ಇಳಿಯೂದಿಲ್ಲ. ಅಕಿ ಕೊಟ್ರ ಹೊರು ಅಂದಂಗ, ಕೊಡದಿದ್ರ ಬ್ಯಾಡ ಅಂದಂಗ.’ ಅಂದು ಆ ಕಡೆ ಹೊಳ್ಳಿ ಮಲಗಿದ. ನೀವು ಬರ್ರಿ ಅಂತ ಕೇಳಾಂವ ಅಲ್ಲ ಅಂವ. ನಾನು ಕೇಳ್ತೇನಿ. ಬೀಗತಿ ಅದಾರ, ಕೂಸಿಗೆ ಎರಡು ದಿನ ನಡೀತದ. ನಾಳಿ ಅಕ್ಕಲಕೋಟ ಮ್ಯಾಲಿನ ಬಸ್ಸಿಗೆ ಕುಂಡ್ರಿ, ವಾಗ್ದರಿ ದಾಟಿದ ಮ್ಯಾಲ ಮಿಸ್ಡ್ ಕಾಲ್ ಕೊಡ್ರಿ, ಆಳಂದ ಸ್ಟ್ಯಾಂಡಿಗೆ ನಾ ಗಾಡಿ ತರ್ತೇನಿ. ಬರಾಕ ಮನಸ್ಸಿಲ್ಲಂದ್ರ ಅದೂ ತಪ್ಪಲ್ಲ, ಅಂಜಿಕಿ ಇರ್ತದ, ನನಗೂ ಅದ. ಆದ್ರ ಬರೂದಿಲ್ಲ ಅಂತ ಇವತ್ತೇ ಹೇಳ್ರಿ. ಸೋಮವಾರ ಮುಂಜಾನಿ ತನಕ ಅಂವನ್ನ ಬಾಗಲಾ ನೋಡ್ಕೋತ ಕುಂದರಿಸಾಕ ನನ್ನ ಕೈಲೆ ಆಗೂದಿಲ್ಲ. ಹಂಗಾದ್ರ ನಾನೇ ಎದುರು ಕೂತು, ಅಣ್ಣಾ, ಈ ವರ್ಷ ಬ್ಯಾಡ ಅಂತ ಹೇಳ್ತೇನಿ. ಹುಟ್ಟಿದಾಗಿಂದ ಅಂವಗ ಒಮ್ಮಿನೂ ಬ್ಯಾಡ ಅಂದಿಲ್ಲ. ಬಂದ ನೋಡ್ರಿ, ಚಪ್ಪಲಿ ಬಿಡಾಕತ್ತಾನ. ಇಡ್ತೇನಿ.